ಖಂಡೇನವಮಿಗೆ ಕೂತ ಸ್ಕೇಟುಗಳು

ಹೊರಗೆ ಹಿಮ ಬೀಳುವ ಊರಿನಲ್ಲಿ ದೊಡ್ಡ ಛಾವಣಿ ಕಟ್ಟಿ, ಒಳಗೆ ಯಂತ್ರ ಹಚ್ಚಿ ಮತ್ತೆ ಮಂಜುಗಡ್ಡೆ ಮಾಡುವ ಜನರನ್ನು ಸ್ವೀಡನ್ನಿಗೆ ಬಂದ ಮೊದಲ ವಾರವೇ ಕಂಡೆ. ಆ ಕಟ್ಟಡಕ್ಕೆ ಈಸ್‌ಹಾಲ್ ಅನ್ನುತ್ತಾರೆ, ಮಂಜುಗಡ್ಡೆಯ ಮನೆ. ಟಿಕೀಟು ಕೊಂಡು ಒಳಗೆ ಹೋಗಿ ನಡುಗುತ್ತ ಕೂಡುತ್ತಾರೆ. ಗಾಜಿನ ಆಚೆ ಹುಡುಗಿಯರು ಒಬ್ಬರನ್ನೊಬ್ಬರು ಗೋಡೆಗೆ ಗುದ್ದಿದರೆ ಚಪ್ಪಾಳೆ ಬೀಳುತ್ತದೆ. ಈ ಐಸ್ ಹಾಕಿಯಲ್ಲಿ ಗೋಲು ಕಾಯುವವಳು ನನ್ನ ಮೊಮ್ಮಗಳು ಶಾಂಭವಿ.

ಬೆಟಗೇರಿಯಲ್ಲಿ ನಾನು ಡ್ರಿಲ್ ಮಾಸ್ತರನಾಗಿದ್ದೆ. ಹುಡುಗರಿಗೆ ಮಣ್ಣಿನ ಮೈದಾನದಲ್ಲಿ ಹಾಕಿ ಕಲಿಸಿದೆ. ಅಲ್ಲಿ ಬಿದ್ದವನ ಮೊಣಕಾಲು ತರಚುತ್ತಿತ್ತು, ಮಣ್ಣು ಒರೆಸಿ ಏಳುತ್ತಿದ್ದ. ಇಲ್ಲಿ ಚೆಂಡಿನ ಬದಲು ಪಕ್ ಎಂಬ ರಬ್ಬರಿನ ಬಿಲ್ಲೆ. ತಾಗಿದರೆ ಕಲ್ಲು. ಅಳಿಯ ಇಲ್ಲಿಯ ಕಬ್ಬಿಣದ ಗಣಿಯಲ್ಲಿದ್ದಾನೆ, ಮಗಳು ಶಹರದ ಬಸ್ ಓಡಿಸುತ್ತಾಳೆ. ಅವರ ಕರೆಗೆ ಓಗೊಟ್ಟು ಬಂದೆ.

ನಸುಕಿನಲ್ಲಿ ಏಳುವ ರೂಢಿ ನನ್ನದು. ಚಳಿಗಾಲದಲ್ಲಿ ಇಲ್ಲಿ ಸೂರ್ಯನಿಗೇ ಆ ಶಿಸ್ತಿಲ್ಲ. ಇಡೀ ಕಟ್ಟಡಕ್ಕೆ ಬಟ್ಟೆ ಒಗೆಯುವ ಕೋಣೆ ಒಂದೇ, ತ್ವೆತ್‌ಸ್ತೂಗ. ಪಾಳಿ ಮೀರಿದರೆ ಬಾಗಿಲಿಗೆ ಸಿಟ್ಟಿನ ಚೀಟಿ ಅಂಟಿಸುತ್ತಾರೆ, ಎದುರು ಬಂದರೆ ಗೋಡೆ ನೋಡುತ್ತ ಹೋಗುತ್ತಾರೆ. ನಾವೂ ನಳದ ಮುಂದೆ ಜಗಳಾಡುತ್ತೇವೆ, ಆದರೆ ಮುಖ ನೋಡಿ ಜಗಳಾಡುತ್ತೇವೆ. ಕ್ನೆಕೆಬ್ರೆಡ್ ಎಂಬ ಒಣ ರೊಟ್ಟಿ ಮಾತ್ರ ನಮ್ಮ ಕಟಕ ರೊಟ್ಟಿಯ ಬಳಗ. ಶೇಂಗಾ ಚಟ್ನಿ ಹಚ್ಚಿ ತಿನ್ನುತ್ತೇನೆ. ಈ ದೇಶದಲ್ಲಿ ನನ್ನೊಡನೆ ಹೊಂದಿಕೊಂಡದ್ದು ಅದೊಂದೇ.

ಶಾಂಭವಿ ಸಣ್ಣವಳಿದ್ದಾಗ ಹೆಪ್ಪುಗಟ್ಟಿದ ಕೆರೆಯ ಮೇಲೆ ಆಟ ಕಲಿತಳು. ಈಗ ಆಟವೇ ಅವಳ ಸಂಬಳ. ಬಸ್ಸಿನಲ್ಲಿ ನಿದ್ದೆ, ಮೊಣಕಾಲಿಗೆ ಪಟ್ಟಿ, ಪ್ರತಿ ಚಳಿಗಾಲಕ್ಕೂ ಹೊಸ ಕರಾರು. ಆಟದಲ್ಲಿ ಗೋಲಿಗೆ ನಿಲ್ಲುವವಳು ಒಬ್ಬಳೇ. ಇನ್ನೊಬ್ಬಳು ಬೆಂಚಿನ ಮೇಲೆ ಕೂತು ಇವಳು ಬೀಳುವುದನ್ನೇ ಕಾಯುತ್ತಾಳೆ. ಬಿಟ್ಟ ಜಾಗ ತಿರುಗಿ ಸಿಗುವುದು ಕಷ್ಟ.

ಈ ವರ್ಷ ದಸರಾಕ್ಕೆ ಮುಂಚೆ ಒಂದು ಪಕ್ ಅವಳ ಮುಖವಾಡಕ್ಕೆ ಬಡಿಯಿತು. ಎದ್ದು ನಿಂತು ಆಟ ಮುಗಿಸಿದಳು. ಮನೆಗೆ ಬಂದವಳು ದೀಪ ಆರಿಸೆಂದಳು, ಗೋಡೆ ಹಿಡಿದು ನಡೆದಳು.

"ತಲಿ ತಿರಗತೈತೇನು?" ಎಂದೆ.

"ಇಲ್ಲಜ್ಜಾ."

"ಈ ನೆಲದ ಹಲಗಿ ಗೆರಿ ಮ್ಯಾಲೆ ನಡದು ತೋರಸು."

ಗೆರೆ ತಪ್ಪಿದಳು.

"ಕೋಚಗ ಹೇಳು."

"ಹೇಳಿದ್ರ ನನ್ನ ಜಾಗಾ ಹೋಗತೈತಿ."

"ಹೇಳಲಿಲ್ಲಂದ್ರ ನೀನ ಹೋಗ್ತಿ."

"ಸಾಲಿ ಬಿಟ್ಟೈತಿ ಮಾಸ್ತರ. ಮನಿಗೆ ನಡೀರಿ," ಅಂದಳು.

ಅವಳ ತಾಯಿ ಹೇಳಿದಳು, ತಂದೆ ಹೇಳಿದ. ಕೇಳಲಿಲ್ಲ. ಕೋಚನಿಗೆ ನಾನೇ ಹೇಳೋಣವೆಂದರೆ ನನಗೆ ಅವನ ಭಾಷೆ ಇಲ್ಲ. ಅವನಿಗೆ ನನ್ನ ಮುಖ ಕಂಡರಾಗದು. ನನಗೂ ಅಷ್ಟೇ.

ಆಯುಧಪೂಜೆಯ ಖಂಡೇನವಮಿ ಬಂತು. ನಮ್ಮದು ನೇಕಾರರ ಮನೆ. ಅಂದು ಲಾಳಿ ತೊಳೆದು ದೇವರ ಜಗಲಿಯ ಮೇಲೆ ಇಟ್ಟು ಪೂಜಿಸುತ್ತಾರೆ. ಕುಂಕುಮ ಬಿದ್ದ ಮೇಲೆ ಅದು ಕೂತಂತೆ. ಮರುದಿನದವರೆಗೆ ಎತ್ತುವುದಿಲ್ಲ, ಗಿರಾಕಿ ಬಾಗಿಲಲ್ಲಿ ನಿಂತು ಬೈದರೂ. ಇಲ್ಲಿ ನನಗೆ ಮಗ್ಗವಿಲ್ಲ. ಶಾಲೆಯ ಸೀಟಿಯನ್ನೇ ಜಗಲಿಗೆ ಇಟ್ಟೆ. ಶಾಂಭವಿ ತನ್ನ ಸ್ಕೇಟುಗಳನ್ನು ತಂದು ಅದರ ಪಕ್ಕ ಇಟ್ಟಳು.

"ಇವನ್ನೂ ಪೂಜಾ ಮಾಡು."

"ಸಂಜಿಗೆ ಮ್ಯಾಚ್ ಐತಿ. ಆಮ್ಯಾಲೆ ಎತ್ತಾಕ ಬರೂದಿಲ್ಲ, ಗೊತ್ತೈತಿಲ್ಲ?"

"ಗೊತ್ತೈತಿ." ನನ್ನ ಮುಖ ನೋಡಲಿಲ್ಲ. "ಜಲ್ದಿ ಕುಂಕುಮ ಹಚ್ಚು."

ಹಚ್ಚಿದೆ.

ಸಂಜೆ ಅವಳು ಮ್ಯಾಚಿಗೆ ಹೋಗದಿದ್ದಾಗ ಕೋಚ್ ಮನೆಗೇ ಬಂದ. ಬೂಟು ಬಿಚ್ಚಿದ, ಅಷ್ಟು ಮರ್ಯಾದೆ ಈ ಜನರಿಗಿದೆ. ಶಾಂಭವಿ ಜಗಲಿಯತ್ತ ಬೆರಳು ಮಾಡಿದಳು. ಅವನು ಸ್ಕೇಟಿಗೆ ಕೈ ಚಾಚಿದ. ಸೀಟಿ ಊದಬೇಕೆನಿಸಿತು, ಆದರೆ ಅದೂ ಕೂತಿತ್ತು. ಅಡ್ಡ ನಿಂತೆ.

"ಕೈ ಹಚ್ಚಬ್ಯಾಡ," ಅಂದೆ, ಕನ್ನಡದಲ್ಲೇ. ಅವನ ಮುಖ ಕೆಂಪಾಯಿತು. ಏನೇನೋ ಅಂದ. ನಾನೂ ಅಂದೆ. ಇಬ್ಬರ ಮಧ್ಯೆ ಶಾಂಭವಿ ಮೆಲ್ಲಗೆ ಏನೋ ಹೇಳಿದಳು. ಮಾತು ತಿಳಿಯಲಿಲ್ಲ, ಆದರೆ ಅವಳ ಕೈ ಹಣೆಗೆ ಹೋದದ್ದನ್ನು ಕಂಡೆ. ಕೋಚ್ ಬೂಟು ಹಾಕಿಕೊಂಡ. ಬಾಗಿಲಲ್ಲಿ ಒಂದು ಮಾತು ಹೇಳಿ ಹೊರಟುಹೋದ.

"ಏನಂದ?"

"ಡಾಕ್ಟರ್ ಹೂಂ ಅನ್ನೂ ತನಕ ಇನ್ನೊಬ್ಬಾಕಿ ಆಡ್ತಾಳಂತ." ಹೇಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು.

ಮರುದಿನ ದಶಮಿ. ಬನ್ನಿ ಕೊಡಬೇಕು, ಜಗಳಾಡಿದವರಿಗೆ ಬಿಡದೆ ಕೊಡಬೇಕು. ಈ ನೆಲದಲ್ಲಿ ಬನ್ನಿ ಇಲ್ಲ. ಬ್ಯೋರ್ಕ್ ಎಂಬ ಬಿಳಿ ತೊಗಟೆಯ ಮರದ ಎಲೆ ಆಗ ಹಳದಿಯಾಗಿ ಉದುರುತ್ತದೆ. ಅದನ್ನೇ ಆರಿಸಿಕೊಂಡು ಶಾಂಭವಿಯೊಡನೆ ಈಸ್‌ಹಾಲಿಗೆ ಹೋದೆ.

"ಬನ್ನಿ ತಗೊಂಡು ಬಂಗಾರದಂಗ ಇರೂನು," ಎಂದು ಕೋಚನ ಅಂಗೈಯಲ್ಲಿ ಇಟ್ಟೆ. ಮನಸ್ಸಿನಿಂದಲ್ಲ, ಪದ್ಧತಿಯಿಂದ. ಅವನು ಎಲೆಯನ್ನು ತಿರುಗಿಸಿ ನೋಡಿ ಅವಳನ್ನು ಏನೋ ಕೇಳಿದ.

"ಏನಂತಾನ?"

"ಈ ಎಲಿ ಕೊಟ್ಟು ನಿಮ್ಮಜ್ಜ ಇನ್ನ ಏನೇನು ಕಸಗೊಳ್ಳಾಂವ ಅದಾನಂತ ಕೇಳಾಕತ್ತಾನ."

ಅಂದೇ ಸೀಟಿ ಎತ್ತಿಟ್ಟೆ. ಸ್ಕೇಟುಗಳನ್ನು ಅವಳು ಎತ್ತಲಿಲ್ಲ. ಡಾಕ್ಟರು ಇನ್ನೂ ಹೂಂ ಅಂದಿಲ್ಲ. ಬೆಳಿಗ್ಗೆ ಪೂಜೆಗೆ ಮುಂಚೆ ಅವುಗಳ ಧೂಳು ಒರೆಸುತ್ತೇನೆ. ಏಳಲಿ ಎಂದು ಒಂದು ಮನಸ್ಸು, ಹೀಗೇ ಕೂತಿರಲಿ ಎಂದು ಇನ್ನೊಂದು. ಸಾಕು, ಊರಿಗೆ ಬಾ ಎಂದು ಬೆಟಗೇರಿಯಿಂದ ತಮ್ಮ ಫೋನಿನಲ್ಲಿ ಬೈಯುತ್ತಾನೆ. ಹೋಗುವ ಆಸೆ ನನಗೂ ಇದೆ. ಆದರೆ ಜಗಲಿಯ ಮೇಲೆ ಕೂತದ್ದು ಏಳದೆ, ಕೂರಿಸಿದವನು ಎದ್ದು ಹೋಗುವ ಪದ್ಧತಿ ನಮ್ಮ ಮನೆಯಲ್ಲಿಲ್ಲ.