ಬೀಗ ಬಿಚ್ಚಿದ ಯಜಮಾನರು

ಬಲಗೈ ಹೆಬ್ಬೆರಳಿನ ಉಗುರನ್ನು ಅವರು ಎಂದೂ ಕತ್ತರಿಸುತ್ತಿರಲಿಲ್ಲ. ಗ್ರೀಸು ಕುಡಿದು ಕಪ್ಪಾಗಿ ಎಮ್ಮೆ ಕೊಂಬಿನಷ್ಟು ಗಟ್ಟಿಯಾಗಿದ್ದ ಆ ಉಗುರಿನಲ್ಲೇ ಸಣ್ಣ ಸ್ಕ್ರೂಗಳನ್ನು ತಿರುಗಿಸಿ ತೆಗೆಯುತ್ತಿದ್ದರು. ಹರಿಹರದಲ್ಲಿ ಅವರದು ಪಂಪ್‌ಸೆಟ್ ರಿಪೇರಿ ಅಂಗಡಿ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಿಕೊಡುವುದು ಮುಖ್ಯ ಕೆಲಸ. ಎಲ್ಲರೂ ಯಜಮಾನ್ರು ಅನ್ನುತ್ತಿದ್ದರು, ನಾನೂ ಹಾಗೇ ಅಂದೆ.

ಅಷ್ಟು ಅನುಮಾನದ ಇನ್ನೊಬ್ಬ ಮನುಷ್ಯನನ್ನು ನಾನು ಕಂಡಿಲ್ಲ. ನೀರು ಬೆರೆಸಿದ್ದಾಳೇನೋ ಎಂದು ಹಾಲು ತಂದವಳ ಎದುರಿಗೇ ಒಂದು ಹನಿ ಉಗುರಿನ ಮೇಲೆ ಬಿಟ್ಟುಕೊಂಡು ಎಷ್ಟು ಬೇಗ ಜಾರುತ್ತದೆ ನೋಡುತ್ತಿದ್ದರು. ತೊಂಬತ್ತರ ದಶಕದ ಕೊನೆಯಲ್ಲಿ ನಾನು ದಾವಣಗೆರೆಯ ಸರಸ್ವತಿ ನಗರದ ಮನೆಯಿಂದಲೇ ಕಂಪ್ಯೂಟರ್ ಜೋಡಿಸಿ ಮಾರುತ್ತಿದ್ದೆ. ಮೊದಲ ದಿನ ಅವರ ಅಂಗಡಿಗೆ ಹೋಗಿ ವಿಸಿಟಿಂಗ್ ಕಾರ್ಡ್ ಕೊಟ್ಟರೆ, ನನ್ನೆದುರಿಗೇ ಅದರಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ನಮ್ಮಮ್ಮ ಎತ್ತಿಕೊಂಡಳು. "ಹೂಂನ್ರೀ ತಾಯಿ, ಹರಿಹರಕ್ಕೆ ಬಂದಾನ, ಇಲ್ಲೇ ನಿಂತಾನ," ಎಂದು ಅವರು ಫೋನಿಟ್ಟ ಮೇಲೆಯೇ ನನಗೆ ಸ್ಟೂಲು ತೋರಿಸಿದ್ದು.

ಪ್ರತಿ ಮೋಟರಿಗೂ ಅವರಲ್ಲೊಂದು ಕಾರ್ಡ್ ಇತ್ತು: ಯಾವ ಊರು, ಯಾರ ಬೋರು, ಯಾವ ದಪ್ಪದ ತಂತಿ, ಎಷ್ಟು ಸುತ್ತು. ಆ ಮೋಟರು ಮತ್ತೆ ಸುಟ್ಟರೆ ಕಾರ್ಡ್ ನೋಡಿ ಅದೇ ದಿನ ಸುತ್ತಿಕೊಡುತ್ತಿದ್ದರು. ಎಣ್ಣೆಗೈ ತಾಗಿ ತಾಗಿ ಅಕ್ಷರಗಳು ಅಳಿಸತೊಡಗಿದ್ದರಿಂದ ಕಂಪ್ಯೂಟರ್ ಬೇಕಾಗಿತ್ತು.

ನಾನು ಎರಡು ದಾರಿ ಹೇಳಿದೆ. ಒಂದು, ಕಂಪನಿಯ ಪ್ರೋಗ್ರಾಂ. ಬೀಗವೆನ್ನುವ ಬೆರಳುದ್ದದ ಪ್ಲಾಸ್ಟಿಕ್ ತುಂಡೊಂದನ್ನು ಕಂಪ್ಯೂಟರಿನ ಬೆನ್ನಿಗೆ ಸಿಕ್ಕಿಸಬೇಕು, ಅದಿಲ್ಲದೆ ಪ್ರೋಗ್ರಾಂ ತೆರೆಯುವುದಿಲ್ಲ. ಇನ್ನೊಂದು ಲಿನಕ್ಸ್. ಪತ್ರಿಕೆಯ ಜೊತೆ ಬಂದ ಸಿಡಿ, ಪುಕ್ಕಟೆ. ಅದು ಹೇಗೆ ಕೆಲಸ ಮಾಡುತ್ತದೆಂಬ ಒಳಗಿನ ಬರಹವನ್ನೆಲ್ಲ ಯಾರು ಬೇಕಾದರೂ ಓದಬಹುದು, ತಿದ್ದಬಹುದು.

"ಪುಕ್ಸಟ್ಟೆ ಕೊಡೋನಿಗೆ ಏನ್ ಬರ್ತೈತೆ?" ಅಂದರು.

"ಏನೂ ಇಲ್ರಿ."

"ಏನೂ ಇಲ್ದೆ ನಮ್ಮಪ್ಪನೂ ನನಗೆ ಏನೂ ಕೊಡಲಿಲ್ಲ. ಬೆಳ್ಳಗಿರೋದೆಲ್ಲ ಹಾಲಲ್ಲ ತಮ್ಮ."

ನಾನೂ ಒತ್ತಾಯಿಸಲಿಲ್ಲ. ಕಂಪನಿಯದನ್ನು ಹಾಕಿಕೊಟ್ಟು, "ಇನ್ಮೇಲೆ ಕಾರ್ಡ್ ಬರೆಯೋದೇ ಬ್ಯಾಡ್ರಿ" ಎಂದು ದೊಡ್ಡ ಮನುಷ್ಯನ ಹಾಗೆ ಹೇಳಿ ಬಂದೆ. ಅವರ ಮಗಳು ಹಳೇ ಕಾರ್ಡುಗಳನ್ನು ಟೈಪ್ ಮಾಡಿದಳು. ಹೊಸ ಮೋಟರುಗಳದು ನೇರ ಕಂಪ್ಯೂಟರಿಗೇ ಹೋಯಿತು.

ಎರಡು ತಿಂಗಳಿಗೆ ಫೋನ್ ಬಂತು. ಹೋಗಿ ನೋಡಿದರೆ ಬೀಗ ಮೇಜಿನ ಮೇಲೆ ಎರಡು ಹೋಳಾಗಿ ಬಿದ್ದಿತ್ತು. ಬಿಚ್ಚಿ ನೋಡದ ಯಾವ ಸಾಮಾನನ್ನೂ ಅವರು ಅಂಗಡಿಯಲ್ಲಿ ಇಟ್ಟುಕೊಂಡವರಲ್ಲ. ಇದನ್ನು ಅಷ್ಟು ದಿನ ತಡೆದುಕೊಂಡಿದ್ದೇ ಹೆಚ್ಚು.

"ಒಳಗೆ ಏನೂ ಇಲ್ಲ. ಕರೀ ಡಾಂಬರು ತುಂಬ್ಯಾರ," ಅಂದರು, ಮೋಸ ಹಿಡಿದವರ ಗತ್ತಿನಲ್ಲಿ.

ಪ್ರೋಗ್ರಾಂ ತೆರೆಯಲಿಲ್ಲ. ಬಿಚ್ಚಿದ ಬೀಗಕ್ಕೆ ಬದಲಿ ಕೊಡುವುದಿಲ್ಲ, ಹೊಸದಾಗಿ ಕೊಳ್ಳಿ ಎಂದಿತು ಕಂಪನಿ. ಪ್ರೋಗ್ರಾಮಿನೊಳಗೆ ಸಿಕ್ಕಿಕೊಂಡ ವಿವರವನ್ನು ಬೇರೆ ಯಾವುದರಲ್ಲೂ ಓದಲು ಬರುತ್ತಿರಲಿಲ್ಲ. ಹಳೇ ಕಾರ್ಡುಗಳೇನೋ ಇದ್ದವು. ನನ್ನ ಮಾತು ಕೇಳಿ ಕಾರ್ಡ್ ಬರೆಯದೆ ಬಿಟ್ಟ ಆ ಎರಡು ತಿಂಗಳ ಮೋಟರುಗಳ ಗತಿ ಏನು?

"ನನ್ನ ಕೈಯಾರೆ ಸುತ್ತಿದ ಲೆಕ್ಕ ನನಗೇ ಕೊಡಲ್ಲ ಅಂದ್ರೆ ಹೆಂಗೆ?" ಎಂದವರು ನನ್ನನ್ನೇ ದಿಟ್ಟಿಸಿದರು. "ನಿಮ್ಮ ಮನ್ಯಾಗ ಯಾವುದು ಐತೆ?"

ಸುಳ್ಳು ಹೇಳಬಹುದಿತ್ತು. ಬಾಯಿ ಬರಲಿಲ್ಲ. "ಪುಕ್ಕಟೆದೇ ಐತ್ರಿ."

"ಮತ್ತೆ ನನಗ್ಯಾಕ ಇದನ್ನ ಹಾಕಿದಿ?"

"ಅದ್ರಾಗ ನನಗೆ ಕಮಿಷನ್ ಇರಲಿಲ್ಲ. ಕೆಟ್ರೆ ಕೇಳೋಕೂ ಯಾರೂ ಇರಲ್ಲ ಅಂತ..."

ಕಮಿಷನ್ನಿನ ಮಾತನ್ನು ಅವರು ಎತ್ತಲೇ ಇಲ್ಲ. "ಯಾರೂ ಇಲ್ಲ ಅಂದ್ರೆ? ನೀನ್ ಸತ್ತಿಯೇನು?" ಅಂದರು.

ನಾಚಿಕೆಯಿಂದ ಸತ್ತೇಹೋಗಿದ್ದೆ.

ಅವತ್ತಿನಿಂದ ಭಾನುವಾರಗಳು ಅವರವಾದವು. ಲಿನಕ್ಸ್ ಹಾಕಿ, ಮೋಟರುಗಳ ವಿವರಕ್ಕೆ ನಾನೇ ಒಂದು ಪ್ರೋಗ್ರಾಂ ಬರೆಯತೊಡಗಿದೆ. ಪಕ್ಕದಲ್ಲಿ ಕೂತು, "ಈ ಸಾಲು ಏನ್ ಮಾಡ್ತೈತೆ?" ಎಂದು ಒಂದೊಂದನ್ನೂ ಕೇಳುತ್ತಿದ್ದರು. ನನಗೆ ಗೊತ್ತಿಲ್ಲದ್ದನ್ನು ಗೊತ್ತಿರುವಂತೆ ಹೇಳಿದರೆ ಹಾಲಿನವಳನ್ನು ನೋಡಿದಂತೆ ನೋಡುವರು. ಮನೆಗೆ ಬಂದು ಓದಿ, ಮುಂದಿನ ವಾರ ಸರಿಯಾಗಿ ಹೇಳಬೇಕಿತ್ತು. ಕಂಪ್ಯೂಟರ್ ಕ್ಲಾಸಿನವರು ಎರಡು ವರ್ಷದಲ್ಲಿ ಕಲಿಸದ್ದನ್ನು ಇಂಗ್ಲಿಷ್ ಬಾರದ ಈ ಮನುಷ್ಯ ಒಂದು ಬೇಸಿಗೆಯಲ್ಲಿ ಕಲಿಸಿದರು.

ಆ ಬೇಸಿಗೆಯಲ್ಲೇ ಲೋಕಿಕೆರೆಯ ಮೋಟರೊಂದು ಸುಟ್ಟು ಬಂತು. ಕಾರ್ಡಿಲ್ಲದ ಎರಡು ತಿಂಗಳಿನದು. ಗದ್ದೆ ಒಣಗುತ್ತಿದೆ, ಇವತ್ತೇ ಬೇಕು ಎಂದು ರೈತ ಪಟ್ಟು ಹಿಡಿದ. "ನಿಮ್ಮ ಲೆಕ್ಕ ಕಳೆದು ಹೋಗೈತಿ ಗೌಡ್ರೆ. ತಪ್ಪು ನಂದೇ, ನಾಳೆ ಕೊಡ್ತೀನಿ," ಅಂದರು. ಕಂಪನಿಯ ತಪ್ಪು ಅನ್ನಲಿಲ್ಲ. ಅಲ್ಲೇ ನಿಂತಿದ್ದ ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ರೈತ ಬೈದುಕೊಂಡು ಹೋದ. ಎಷ್ಟು ಸುತ್ತು ಇತ್ತೆಂದು ತಿಳಿಯಲು ಸುಟ್ಟ ಸುರುಳಿಯನ್ನು ಕತ್ತರಿಸಿ ಒಂದೊಂದೇ ಎಳೆ ಎಣಿಸಲು ಕೂತರು; ನಾನೂ ಕೂತೆ. ನಾನು ಹೇಳಿದ ಸಂಖ್ಯೆಯನ್ನು ನಂಬದೆ ಮತ್ತೆ ತಾವೇ ಎಣಿಸಿದರು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ನನ್ನನ್ನು ನಂಬುತ್ತೇನೆ ಎಂದು ಒಮ್ಮೆಯೂ ಅನ್ನಲಿಲ್ಲ. ಆದರೆ ಒಬ್ಬ ರೈತನ ಎದುರು ನನ್ನ ತಪ್ಪನ್ನು ತಮ್ಮದೆಂದು ಹೊತ್ತರಲ್ಲ, ಆ ಭಾರ ಇನ್ನೂ ನನ್ನ ತಲೆಯ ಮೇಲಿದೆ. ಅಂದಿನಿಂದ ನಾನು ಬಳಸದ ಪ್ರೋಗ್ರಾಮನ್ನು ಯಾರಿಗೂ ಮಾರಿಲ್ಲ.