ತೊಡೆ ಎಂದು ಬರೆದ ಡಬ್ಬಿ

ಸಿಸ್ಟರ್ ಅವರ ಬಲಗೈ ಹೆಬ್ಬೆರಳ ತುದಿಯ ತುಂಬ ಗಾಜು ಕೊಯ್ದ ಸಣ್ಣ ಸಣ್ಣ ಗೆರೆಗಳು. ಔಷಧದ ಗಾಜಿನ ಆಂಪೂಲ್ ಮುರಿಯುವಾಗ ಹತ್ತಿ ಹಿಡಿದುಕೊಳ್ಳಿ ಎಂದು ನಮಗೆ ಸಾವಿರ ಸಲ ಹೇಳುತ್ತಿದ್ದವರು, ತಾವು ಮಾತ್ರ ಬರಿಗೈಯಲ್ಲಿ ಮುರಿಯುವರು. ಕೇಳಿದರೆ, “ನಾ ಹತ್ತಿ ಹುಡುಕೋದ್ರಾಗ ಮನಷ್ಯಾ ಹೋಗಿಬಿಡ್ತಾನ ತಂಗಿ” ಎಂದು ನಗುವರು. ಚಿಂಚೋಳಿ ತಾಲ್ಲೂಕಿನ ಸಣ್ಣದೊಂದು ಆರೋಗ್ಯ ಕೇಂದ್ರ. ಅಲ್ಲಿ ಅವರು ಹಿರಿಯ ಸಿಸ್ಟರ್, ನಾನು ಆಗಷ್ಟೇ ಸೇರಿದ ನರ್ಸ್.

ಬೆಳಿಗ್ಗೆ ಬಂದೊಡನೆ ಅವರ ಮೊದಲ ಕೆಲಸ ಅಡ್ರಿನಲಿನ್ ಆಂಪೂಲುಗಳನ್ನು ಕಪ್ಪು ಕಾಗದದಿಂದ ಬಿಚ್ಚಿ ಕಿಟಕಿಗೆ ಹಿಡಿದು ನೋಡುವುದು. ಹುಳದ ಕಡಿತಕ್ಕೋ ಮತ್ತೊಂದಕ್ಕೋ ಮೈ ಒಗ್ಗದೆ ಉಸಿರು ಕಟ್ಟಿದಾಗ ಜೀವ ಉಳಿಸುವ ಆ ಔಷಧ ಬೆಳಕು ತಾಗಿದರೆ ಕೆಡುತ್ತದೆ. “ನೀರಿನಂಗಿದ್ರ ಔಷಧ, ಚಾದಂಗಾದ್ರ ಕಚರಾ” ಎಂದು ಮತ್ತೆ ಸುತ್ತಿಡುವರು. ಉಳಿದ ಔಷಧಗಳೆಲ್ಲ ಬೀಗ ಹಾಕಿದ ಕಪಾಟಿನಲ್ಲಿ. ಇದೊಂದು ಮಾತ್ರ ಸಿರಿಂಜಿನ ಜೊತೆ ಮೇಜಿನ ಮೇಲಿನ ಸ್ಟೀಲ್ ಡಬ್ಬಿಯಲ್ಲಿ. ಬೀಗ ತೆಗೆಯುವಷ್ಟರಲ್ಲಿ ಜೀವ ಹೋದರೆ, ಊರು ಸೂರೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನುವುದು ಅವರ ವಾದ. ಮುಚ್ಚಳದ ಮೇಲೆ ದಪ್ಪಕ್ಷರದಲ್ಲಿ ಒಂದೇ ಪದ: ತೊಡೆ. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ನರ್ಸಿಂಗ್ ಓದಿ ಬಂದವಳಿಗೆ ಎಲ್ಲಿ ಚುಚ್ಚಬೇಕೆಂದು ಡಬ್ಬಿ ಪಾಠ ಹೇಳಬೇಕೇ ಎಂದು ಒಳಗೊಳಗೇ ಉರಿದುಕೊಳ್ಳುತ್ತಿದ್ದೆ.

ತೊಗರಿ ಕೊಯ್ಲಿನ ಒಂದು ಮಧ್ಯಾಹ್ನ. ಡಾಕ್ಟರು ಮೀಟಿಂಗಿಗೆ ಹೋಗಿದ್ದರು. ಚಿಮ್ಮನಚೋಡದ ಕಡೆಯಿಂದ ಒಬ್ಬ ತನ್ನ ಹೆಂಡತಿಯನ್ನು ಬೈಕಿನಲ್ಲಿ ತಂದ. ಆ ಸುಡುಬಿಸಿಲಿನಲ್ಲಿ ಅವಳಿಗೆ ಕಂಬಳಿ ಸುತ್ತಿದ್ದರು.

“ಹೊಲದಾಗ ಜೇನ್ಹುಳ ಕಡದಾವ್ರೀ. ಮೈತುಂಬಾ ಪಿತ್ತ ಎದ್ದಾವ. ನಮ್ಮವ್ವ ಕಂಬಳಿ ಹೊಚ್ಚಿ ತಿಕ್ಕಿದಳು, ಇಳೀವಲ್ವು.”

ಮೈಮೇಲೆ ಪಿತ್ತದ ದದ್ದು ಎದ್ದರೆ ಕಂಬಳಿ ತಿಕ್ಕುವುದು ನಮ್ಮ ಕಡೆ ಮನೆಮನೆಯ ಮದ್ದು. ನಮ್ಮಜ್ಜಿ ನನಗೂ ತಿಕ್ಕಿದ್ದಾಳೆ. ಆದರೆ ಕಂಬಳಿ ಸರಿಸಿದಾಗ ಅವಳ ತುಟಿ ಊದಿತ್ತು, ಉಸಿರಿನಲ್ಲಿ ಸೀಟಿಯ ಸದ್ದು, ನಾಡಿ ಕೈಗೆ ಸಿಗಲೊಲ್ಲದು. ಅರ್ಧ ತಾಸು ಮನೆಯವರು ದದ್ದು ನೋಡಿದ್ದರು, ಉಸಿರು ನೋಡಿರಲಿಲ್ಲ.

ನಾನು ಡಬ್ಬಿ ತೆರೆದು ಔಷಧ ಎಳೆದುಕೊಂಡೆ. ಗಂಡ ನನ್ನ ಬೆನ್ನಿಗೇ ನಿಂತು, “ನರಕ್ಕ ಹಾಕ್ರೀ ಅಕ್ಕೋರ, ಜಲ್ದಿ ಹತ್ತತದ!” ಎಂದು ಕೂಗಿದ. ನರಕ್ಕೆ ಹಾಕಿದ್ದೇ ಖರೇ ಇಂಜೆಕ್ಷನ್ ಎಂದು ನಮ್ಮ ಜನರ ನಂಬಿಕೆ. ಓದಿದ್ದೆಲ್ಲ ಆ ಗಳಿಗೆಯಲ್ಲಿ ನನ್ನ ತಲೆಯಿಂದ ಹಾರಿಹೋಗಿತ್ತು. ಅವಳ ತೋಳಿಗೆ ಪಟ್ಟಿ ಬಿಗಿದೆ, ನರ ಸಿಕ್ಕಿತು, ಸೂಜಿ ಊರಬೇಕು.

ಆಗ ಆಕ್ಸಿಜನ್ ತರಲು ಒಳಗೆ ಹೋಗಿದ್ದ ಸಿಸ್ಟರ್ ಓಡಿ ಬಂದು ನನ್ನ ಮುಂಗೈ ಹಿಡಿದರು. ಉಗುರು ನಾಟಿತು.

“ಇಷ್ಟೂ ನರಕ್ಕ ಹೋದ್ರ ಅಕಿ ಎದಿ ನಿಂತ್ಹೋಗ್ತದ. ಡಬ್ಬಿ ಓದು.”

ನನ್ನ ಕೈಮೇಲೆ ತಮ್ಮ ಕೈಯಿಟ್ಟು, ತೊಡೆಯ ಹೊರಮಗ್ಗುಲಿಗೆ ಅರ್ಧ ಎಂಎಲ್ ಕೊಡಿಸಿದರು. ಗಂಡ ಅವಳನ್ನು ಎಬ್ಬಿಸಿ ಕೂರಿಸಲು ಹೋದಾಗ, “ಮಲಗಿರ್ಲಿ! ಕಾಲು ಮ್ಯಾಲ ಎತ್ತಿ ಹಿಡೀರಿ” ಎಂದು ಗದರಿದರು. ಆಕ್ಸಿಜನ್ ಹಚ್ಚಿದೆವು. ಗೋಡೆಯ ಗಡಿಯಾರ ನೋಡುತ್ತ ಐದು ನಿಮಿಷ ನಿಂತೆವು. ನಾನು ಯಾವ ದೇವರನ್ನೂ ನೆನೆಯದೆ ಬಿಡಲಿಲ್ಲ. ಸೀಟಿ ನಿಲ್ಲಲಿಲ್ಲ. ಇನ್ನೊಂದು ತೊಡೆಗೆ ಮತ್ತೆ ಅರ್ಧ ಎಂಎಲ್.

ಅವಳ ಕೈಕಾಲು ನಡುಗತೊಡಗಿದವು. “ಏನ್ ಹಾಕಿದ್ರೀ ಅಕಿಗಿ?” ಎಂದು ಗಂಡ ಮೇಲೇರಿ ಬಂದ.

“ನಡಗ್ಲಿ ಬಿಡ್ರೀ. ಔಷಧ ಕೆಲಸ ಮಾಡ್ಲಿಕತ್ತದ” ಎಂದು ಸಿಸ್ಟರ್ ನಾಡಿಯಿಂದ ಬೆರಳು ತೆಗೆಯಲೇ ಇಲ್ಲ. ನಿಧಾನಕ್ಕೆ ಸೀಟಿ ಸಣ್ಣದಾಯಿತು. ಅವಳು ಕಣ್ಣು ಬಿಟ್ಟು ನೀರು ಕೇಳಿದಳು. ಆರಾಮಾಯಿತಲ್ಲ, ಮನೆಗೆ ಹೋಗುತ್ತೇವೆ ಎಂದ ಗಂಡ. ಸಿಸ್ಟರ್ ಬಾಗಿಲಿಗೆ ಅಡ್ಡ ನಿಂತರು. “ಇದು ಹೋದಂಗ ಮಾಡಿ ತಿರುಗಿ ಬರ್ತದ. ಇವತ್ತೊಂದಿನ ದೊಡ್ಡ ದವಾಖಾನ್ಯಾಗ ಇರ್ಬೇಕು.” ಅಂಬುಲೆನ್ಸ್ ಬರುವವರೆಗೆ ಅವರು ಅಲ್ಲಿಂದ ಕದಲಲಿಲ್ಲ.

ಸಂಜೆ ಡಾಕ್ಟರು ಬಂದು, ಇಂಜೆಕ್ಷನ್ ಯಾರು ಕೊಟ್ಟಿದ್ದು ಎಂದು ಕೇಳಿದರು. ಸಿಸ್ಟರ್ ಚಹಾ ಕುಡಿಯುತ್ತ, “ಈಕಿನೇ ಸರ್. ಕೈ ಛಲೋ ಅದ” ಎಂದರು. ಡಾಕ್ಟರು ಹೋದ ಮೇಲೆ, ಯಾಕೆ ಹಾಗೆಂದಿರಿ ಎಂದು ಅತ್ತುಬಿಟ್ಟೆ.

“ನಡದದ್ದು ಹೇಳಿದ್ರ ನೀ ಅಂಜ್ತಿ. ನಾಳಿ ಇಂಥಾದ್ದೇ ಬಂದಾಗ, ಅಂಜಿದ ಕೈ ಡಬ್ಬಿ ತಗೀಲಿಕ್ಕ ತಡಾ ಮಾಡ್ತದ.”

ಸಿಸ್ಟರ್ ನಿವೃತ್ತರಾಗಿ ಸೇಡಂನ ಮಗಳ ಮನೆಗೆ ಹೋದರು. ಹೋದ ವರ್ಷ ಅಲ್ಲೇ ತೀರಿಕೊಂಡರು. ಡಬ್ಬಿ ಈಗ ನನ್ನ ಮೇಜಿನ ಮೇಲಿದೆ. ಅಕ್ಷರ ಮಾಸಿದಾಗಲೆಲ್ಲ ನಾನೇ ತಿದ್ದಿ ಬರೆಯುತ್ತೇನೆ.

ಜೇನು ಕಡಿದಿದ್ದ ಆ ಹೆಂಗಸು ಪ್ರತಿ ಸುಗ್ಗಿಗೂ ಒಂದು ಚೀಲ ತೊಗರಿಬೇಳೆ ತಂದು, “ನನ್ನ ಜೀವಾ ಉಳಿಸಿದಾಕಿ” ಎಂದು ನನ್ನ ಕೈ ಹಿಡಿಯುತ್ತಾಳೆ. ಇಷ್ಟು ವರ್ಷ ಕದ್ದವಳ ಹಾಗೆ ಸುಮ್ಮನೆ ತೆಗೆದುಕೊಂಡೆ. ಈ ಸಲ ಆಗಲಿಲ್ಲ.

“ಅವತ್ತು ನಾ ನಿನ್ನ ಕೊಂದೇಬಿಡ್ತಿದ್ದೆ ಯವ್ವಾ. ಕೈ ಹಿಡದು ನಿಲ್ಲಿಸಿದವರು ಸಿಸ್ಟರ್” ಎಂದು ಎಲ್ಲವನ್ನೂ ಹೇಳಿದೆ.

ಬೈಯಲಿ ಎಂದೇ ಕಾದೆ. ಅವಳು ನನ್ನ ಬಲಗೈ ಎಳೆದುಕೊಂಡು ಮುಂಗೈ ಮುಟ್ಟಿ, “ಅವರು ಹಿಡದಿದ್ದು ಇಲ್ಲೇನ್ರೀ?” ಎಂದಳು. ಹೌದೆಂದೆ. ಅವಳು ಆ ಜಾಗವನ್ನು ಕಣ್ಣಿಗೆ ಒತ್ತಿಕೊಂಡಳು.