ಎಡಗೈಗೆ ಒಗ್ಗಿದ ರೇಜರ್

ದೇವನಹಳ್ಳಿ ಕೋಟೆಯ ಹಿಂದಿನ ಬೀದಿ. ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಬಚ್ಚಲ ಮುಂದಿನ ಕಲ್ಲಿನ ಮೇಲೆ ಕ್ಯಾಬ್ ಡ್ರೈವರ್ ಪಿಳ್ಳಣ್ಣ ಮುಖಕ್ಕೆಲ್ಲ ನೊರೆ ಬಳಿದುಕೊಂಡು ಕೂತಿದ್ದಾರೆ. ಅವರ ಬಲಗೈಯನ್ನು ಹೆಂಡತಿ ಮುನಿತಾಯಮ್ಮ ಟವೆಲಿನಲ್ಲಿ ಸುತ್ತಿ ಸೊಂಟಕ್ಕೆ ಕಟ್ಟಿಹಾಕಿದ್ದಾರೆ. ಎಡಗೈಗೆ ಒಂದು ರೇಜರ್ ಕೊಟ್ಟು, ಎದುರಿಗೆ ಕುಕ್ಕರುಗಾಲಲ್ಲಿ ಕೂತು, ಮೊಬೈಲ್ ಟಾರ್ಚ್ ಬಿಟ್ಟುಕೊಂಡು ಗಂಡನ ಗದ್ದವನ್ನೇ ನೋಡುತ್ತಿದ್ದಾರೆ.

ಪಿಳ್ಳಣ್ಣ ಕನ್ನಡಿ ಕೇಳುತ್ತಾರೆ. ಸಿಗುವುದಿಲ್ಲ.

"ತಾತ ಕನ್ನಡಿ ನೋಡ್ಕೊಳ್ಳಲ್ಲ. ನೀನೂ ಹಂಗೇ ಮಾಡು" ಅನ್ನುತ್ತಾರೆ ಮುನಿತಾಯಮ್ಮ.

ಪೇಪರಿಗೆ ಬರೆಯಲು ನನ್ನ ಹಾಗೆ ಹೊಸದಾಗಿ ಬಂದವರಿಗೆ ಇದು ಹೆಂಡತಿ ಗಂಡನಿಗೆ ಕೊಟ್ಟ ಶಿಕ್ಷೆಯ ಹಾಗೆ ಕಾಣಬಹುದು. ಅಲ್ಲ, ಪರೀಕ್ಷೆ. ಅದೂ ಕೊನೆಯ ಪರೀಕ್ಷೆ. ಇನ್ನು ಸ್ವಲ್ಪ ಹೊತ್ತಿಗೆ ಇದೇ ರೇಜರ್ ಹತ್ತಿರದ ಊರು ಆವತಿಗೆ ಹೋಗುತ್ತದೆ. ಅಲ್ಲಿ ಆದಿನಾರಾಯಣಪ್ಪ ಎಂಬ ಹಿರಿಯರಿದ್ದಾರೆ, ಮುನಿತಾಯಮ್ಮನ ಬಾಯಲ್ಲಿ 'ತಾತ'. ಲಕ್ವ ಹೊಡೆದು ಅವರ ಬಲಗೈ ಬಿದ್ದುಹೋಗಿದೆ. ಇವತ್ತು ಅವರು ಬ್ಲೇಡು ಹಾಕಿದ ಈ ರೇಜರಿನಲ್ಲಿ ತಮ್ಮ ಗಡ್ಡ ತಾವೇ ತೆಗೆದುಕೊಳ್ಳಬೇಕು. ರಕ್ತ ಹೆಪ್ಪುಗಟ್ಟದಂತೆ ದಿನಾ ಮಾತ್ರೆ ನುಂಗುವವರು ಅವರು, ಸಣ್ಣ ಗೀರಾದರೂ ರಕ್ತ ಬೇಗ ನಿಲ್ಲುವುದಿಲ್ಲ. ಇನ್ನೊಂದು ಸಲ ಗಾಯವಾದರೆ ರೇಜರ್ ಅನ್ನೋ ವಸ್ತು ಈ ಮನೆ ಹೊಸಿಲು ದಾಟಕೂಡದು ಅಂತ ಅವರ ಹೆಂಡತಿ ಆದಿಲಕ್ಷ್ಮಮ್ಮ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಾರೆ. ಹಾಗಾಗಿ ಮುನಿತಾಯಮ್ಮನವರಿಗೆ ಇವತ್ತು ಗಂಡನ ಮೇಲೆ ಕರುಣೆ ಇಲ್ಲ.

ಮುನಿತಾಯಮ್ಮ ಹಾಸಿಗೆ ಹಿಡಿದ ಗಂಡಸರಿಗೆ ಮನೆಮನೆಗೆ ಹೋಗಿ ಶೇವ್ ಮಾಡುವವರು. ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ನಾಲ್ಕೈದು ಮನೆ. ಹುಟ್ಟಿದ್ದು ಅನುಗೊಂಡನಹಳ್ಳಿ, ಸೇರಿದ್ದು ದೇವನಹಳ್ಳಿ. ಮೊದಲು ಒಂದು ನರ್ಸಿಂಗ್ ಹೋಮಿನಲ್ಲಿ ಆಯಾ ಆಗಿದ್ದರು. "ಆಪರೇಷನ್‌ಗೆ ಮುಂಚೆ ಪೇಷಂಟ್‌ಗೆ ಕೂದ್ಲು ತೆಗೀಬೇಕಲ್ಲ ಸಾರ್, ಆ ಕೆಲ್ಸಕ್ಕೆ ಯಾರೂ ಮುಂದೆ ಬರ್ತಿರ್ಲಿಲ್ಲ, ನನ್ ತಲೆಗೆ ಬಿತ್ತು. ಮಾಡ್ತಾ ಮಾಡ್ತಾ ಕೈ ಕೂತ್ಬಿಡ್ತು" ಅನ್ನುತ್ತಾರೆ. ಡಿಸ್ಚಾರ್ಜ್ ಆಗಿ ಹೋದವರ ಮನೆಯವರು ಫೋನ್ ಮಾಡಿ ಕರೆಯಲು ಶುರು ಮಾಡಿದರು. ಹೆಂಗಸು ಗಂಡಸರ ಗಡ್ಡ ಮುಟ್ಟುವುದೇ ಅಂತ ಬಂಧುಬಳಗದಲ್ಲಿ ಗುಸುಗುಸು ಎದ್ದಿತು. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತವರು ಎದ್ದು ಹೋದದ್ದೂ ಉಂಟು. ಆಗ ಅವರ ಕೈ ಹಿಡಿದವರು ಊರಿನ ಹಳೆಯ ಕ್ಷೌರಿಕ ನರಸಿಂಹಯ್ಯನವರು. ಕಣ್ಣು ಮಂಜಾದ ಮೇಲೆ ತಮ್ಮ ನಡೆಯಲಾರದ ಗಿರಾಕಿಗಳನ್ನೆಲ್ಲ ಈಕೆಗೇ ಒಪ್ಪಿಸಿದರು. ಚರ್ಮ ಎಳೆದು ಹಿಡಿ, ರೇಜರ್ ಒತ್ತಬೇಡ, ಅಷ್ಟೇ ವಿದ್ಯೆ ಅಂತ ಹೇಳಿಕೊಟ್ಟರು. ಇವತ್ತಿಗೂ ಯುಗಾದಿ ಹೋಳಿಗೆ ಮೊದಲು ನರಸಿಂಹಯ್ಯನವರ ಮನೆಗೆ ಹೋಗುತ್ತದೆ, ಆಮೇಲೆ ಪಿಳ್ಳಣ್ಣನ ಎಲೆಗೆ.

ನರಸಿಂಹಯ್ಯನವರು ಹೇಳಿಕೊಡದ ಪಾಠವನ್ನು ಈಕೆಗೆ ವಿಮಾನಗಳು ಕಲಿಸಿವೆ. ಈ ಕಡೆಯ ಊರುಗಳ ಮೇಲೆ ಅವು ತೀರ ತಗ್ಗಿನಲ್ಲಿ ಹಾರುತ್ತವೆ. ಕಿಟಕಿ ಗಾಜು ಗುಂಯ್ ಅಂದರೆ ಮಂಪರಿನಲ್ಲಿರುವ ಮುದುಕರು ಬೆಚ್ಚಿ ಕತ್ತು ತಿರುಗಿಸಿಬಿಡುತ್ತಾರೆ. ಅದಕ್ಕೇ ಶಬ್ದ ಕೇಳಿದ ಕೂಡಲೇ ರೇಜರ್ ಕೆನ್ನೆಯಿಂದ ಮೇಲಕ್ಕೆ. ವಿಮಾನ ದಾಟಿದ ಮೇಲೆ ಮತ್ತೆ ಕೆಲಸ.

ಆದಿನಾರಾಯಣಪ್ಪ ಮಾತ್ರ ಬೇರೆ ಗಿರಾಕಿಗಳ ಹಾಗಲ್ಲ. ದೇವನಹಳ್ಳಿಯಿಂದ ಬೆಂಗಳೂರಿಗೆ ಹೊರಡುತ್ತಿದ್ದ ಬೆಳಗಿನ ಮೊದಲ ಬಸ್ಸಿನ ಡ್ರೈವರ್ ಆಗಿ ರಿಟೈರ್ ಆದವರು. ಕತ್ತಲಲ್ಲೇ ಎದ್ದು, ಕನ್ನಡಿ ಇಲ್ಲದೆ, ಬೆರಳಲ್ಲಿ ಸವರಿ ನೋಡಿಕೊಂಡೇ ಗಡ್ಡ ತೆಗೆದು ಬಸ್ಸು ಹತ್ತುತ್ತಿದ್ದರಂತೆ. ಲಕ್ವ ಹೊಡೆದು ಮನೆಗೆ ಬಂದ ಮೇಲೆ ಮುನಿತಾಯಮ್ಮ ನೊರೆ ಕಲಸಿದರೆ ಗೋಡೆ ಕಡೆ ಮುಖ ತಿರುಗಿಸುತ್ತಿದ್ದರು. ಊಟ ಮಾಡಿಸಿಕೊಂಡರು, ಸ್ನಾನ ಮಾಡಿಸಿಕೊಂಡರು, ಗಡ್ಡಕ್ಕೆ ಮಾತ್ರ ಒಲ್ಲೆ. ಬ್ಯಾಟರಿ ಟ್ರಿಮ್ಮರ್ ತಂದರು. ಒಂದು ಸಲ ಮುಟ್ಟಿಸಿಕೊಂಡು ಅದನ್ನು ಮಂಚದ ಕೆಳಗೆ ತಳ್ಳಿದರು. ಎದೆಯವರೆಗೆ ಗಡ್ಡ ಬಂತು.

"ಒಂದಿನ ನನ್ ಕೈ ಹಿಡ್ಕೊಂಡ್ರು. ತೊದಲ್ತಾ ತೊದಲ್ತಾ 'ನಾನೇ... ನಾನೇ' ಅಂದ್ರು. ನಂಗೆ ಆಗ ತಿಳೀತು ಸಾರ್. ಅವ್ರಿಗೆ ಶೇವಿಂಗ್ ಬೇಡ ಅಂತಲ್ಲ, ಇನ್ನೊಬ್ರ ಕೈ ಬೇಡ" ಅಂತ ಮುನಿತಾಯಮ್ಮ ನೆನೆಯುತ್ತಾರೆ.

ಅಲ್ಲಿಂದ ಶುರುವಾಯಿತು ರೇಜರ್ ಹುಡುಕಾಟ. ಬೀದಿಬದಿಯ ಪ್ಲಾಸ್ಟಿಕ್ ರೇಜರ್ ಕೈಯಲ್ಲಿ ನಿಲ್ಲುವುದಿಲ್ಲ. ಸಾವಿರಗಟ್ಟಲೆಯ ಪರದೇಶದ ಮಾಲು ಇವರ ಅಳವಿನದಲ್ಲ. ನಡುವೆ ಇರುವುದು, ಎರಡೂ ಕಡೆ ಬಾಯಿರುವ ಬ್ಲೇಡು ಹಾಕುವ ಲೋಹದ ರೇಜರುಗಳು. ಮುನಿತಾಯಮ್ಮ ಫ್ಯಾನ್ಸಿ ಸ್ಟೋರಿನಲ್ಲಿ ಎಲ್ಲವನ್ನೂ ಕೈಯಲ್ಲಿ ತೂಗಿ ನೋಡಿ, ಇರುವುದರಲ್ಲಿ ಭಾರವಾದದ್ದನ್ನೇ ತಂದರು. ಪಿಳ್ಳಣ್ಣನ ಕೆನ್ನೆಯ ಮೇಲೆ ಅದು ಬೆಣ್ಣೆಯ ಹಾಗೆ ಜಾರಿತು. ಭಾರವೇ ಕೂದಲು ಕತ್ತರಿಸುತ್ತದೆ, ಒತ್ತುವ ಹಾಗೇ ಇಲ್ಲ. ಇದೇ ಸರಿ ಅಂತ ಆವತಿಗೆ ಒಯ್ದರು.

ಅಲ್ಲಿ ಎಡವಟ್ಟಾಯಿತು. ನಲವತ್ತು ದಾಟಿದ ಪಿಳ್ಳಣ್ಣನ ಕೆನ್ನೆ ಗಟ್ಟಿ, ಶೇವ್ ಮಾಡಿದ್ದು ಹೆಂಡತಿಯ ಪಳಗಿದ ಕೈ. ತಾತನದು ಜೋತ ಚರ್ಮ, ಅಭ್ಯಾಸವಿಲ್ಲದ ಎಡಗೈ. ರೇಜರಿನ ಭಾರಕ್ಕೆ ಮಣಿಕಟ್ಟು ಬಾಗಿತು, ಉದ್ದ ಗಡ್ಡದ ಅಂಚಿನಲ್ಲಿ ಮೊದಲ ಎಳೆತಕ್ಕೇ ಕಿವಿಯ ಕೆಳಗೆ ಗೀರು ಬಿತ್ತು. ಪಟಿಕ ಉಜ್ಜಿದರು, ಕಾಫಿ ಪುಡಿ ಒತ್ತಿದರು, ಆದಿಲಕ್ಷ್ಮಮ್ಮನವರ ಸೆರಗು ನೆನೆಯಿತೇ ಹೊರತು ರಕ್ತ ನಿಲ್ಲಲಿಲ್ಲ. ಪಿಳ್ಳಣ್ಣನ ಕ್ಯಾಬಿನಲ್ಲೇ ಡಾಕ್ಟರ ಹತ್ತಿರ ಓಡಬೇಕಾಯಿತು. ಹಿಂದಿರುಗಿದ ಮೇಲೆ ಆದಿಲಕ್ಷ್ಮಮ್ಮ ಬಾಗಿಲಲ್ಲೇ ನಿಂತು, ನೀನು ಇನ್ನು ಬರುವುದು ಬೇಡ ಅಂದರು. ಅವತ್ತು ರಾತ್ರಿ ಮುನಿತಾಯಮ್ಮ ಊಟ ಮಾಡಲಿಲ್ಲ ಅಂತ ಪಿಳ್ಳಣ್ಣ ಹೇಳುತ್ತಾರೆ.

ಮಾರನೆಯ ಬೆಳಗ್ಗೆ ಅವರು ಮಾಡಿದ ಮೊದಲ ಕೆಲಸ, ಗಂಡನ ಬಲಗೈ ಕಟ್ಟಿದ್ದು. ತಾತನ ಕಷ್ಟ ತಿಳಿಯಬೇಕಾದರೆ ತಾತನ ಹಾಗೇ ಕೂರಬೇಕು ಎಂಬುದು ಅವರ ವಾದ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರೆ. ಪಿಳ್ಳಣ್ಣನ ದವಡೆಗೆ ಮೂಲವಾದದ್ದು ಹೆಂಡತಿಯ ಛಲ. ಗದ್ದದ ಮೇಲೆ ಅಲ್ಲಲ್ಲಿ ಪ್ಲಾಸ್ಟರ್ ಅಂಟಿಸಿಕೊಂಡೇ ಆ ಮನುಷ್ಯ ಏರ್‌ಪೋರ್ಟ್ ಟ್ರಿಪ್ ಹೊಡೆದಿದ್ದಾರೆ. ರೇಜರ್ ಸರಿಯಿಲ್ಲ ಅಂತ ಗೊಣಗಿದರೆ, ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುವ ಉತ್ತರ ಸಿದ್ಧವಾಗಿರುತ್ತಿತ್ತು.

ಎರಡನೆಯ ರೇಜರ್ ಹಗುರ. ತಲೆ ತೆಳ್ಳಗೆ, ಮೂಗಿನ ಕೆಳಗೂ ಸಲೀಸಾಗಿ ಹೋಗುತ್ತದೆ. ಹಿಡಿ ನುಣುಪಾಗಿ ಸೋಪಿನ ಕೈಯಲ್ಲಿ ಜಾರುತ್ತಿತ್ತು, ಅದಕ್ಕೆ ಹಳೆಯ ಸೈಕಲ್ ಟ್ಯೂಬು ಕತ್ತರಿಸಿ ಸುತ್ತಿದರು. ಚರ್ಮಕ್ಕೂ ಮೃದು. ಇನ್ನೇನು ಸಿಕ್ಕಿತು ಅನ್ನುವಾಗ ಬ್ಲೇಡು ಬದಲಿಸುವ ದಿನ ಬಂತು. ಮೂರು ತುಂಡು ಬಿಚ್ಚಬೇಕು, ಬ್ಲೇಡು ಕೂರಿಸಬೇಕು, ಮತ್ತೆ ಜೋಡಿಸಿ ತಿರುಗಿಸಬೇಕು. ಒಂದು ಕೈಯಲ್ಲಿ ಪಿಳ್ಳಣ್ಣ ಹಲ್ಲಲ್ಲಿ ಕಚ್ಚಿ, ಮೊಣಕಾಲಲ್ಲಿ ಅದುಮಿ, ಏನೆಲ್ಲ ಸರ್ಕಸ್ ಮಾಡಿದರೂ ಆಗಲಿಲ್ಲ. ಬ್ಲೇಡಿಗೆ ಇನ್ನೊಬ್ಬರನ್ನು ಕಾಯಬೇಕೆಂದರೆ 'ನಾನೇ' ಎಂಬ ಮಾತಿಗೆ ಬೆಲೆಯೇನು ಬಂತು? ಅದನ್ನೂ ಪಕ್ಕಕ್ಕಿಟ್ಟರು.

ಮೂರನೆಯದು ಅಂಗಡಿಯಿಂದ ಬಂದದ್ದಲ್ಲ. ಒಂದು ಮುಂಜಾನೆ ಪಿಳ್ಳಣ್ಣನ ಕ್ಯಾಬಿನಲ್ಲಿ ಏರ್‌ಪೋರ್ಟಿಗೆ ಹೊರಟಿದ್ದ ಪ್ಯಾಸೆಂಜರ್ ಒಬ್ಬರು ಕನ್ನಡಿಯಲ್ಲಿ ಆ ಪ್ಲಾಸ್ಟರುಗಳನ್ನು ನೋಡಿ, ಏನಪ್ಪಾ ಇದು, ಜಗಳವಾ ಅಂತ ಕೇಳಿದರಂತೆ. ಪಿಳ್ಳಣ್ಣ ಟೋಲ್ ದಾಟುವಷ್ಟರಲ್ಲಿ ಕತೆಯೆಲ್ಲ ಹೇಳಿ ಮುಗಿಸಿದರು. ಇಳಿಯುವಾಗ ಆತ ಕೈಚೀಲ ತೆರೆದು ತಮ್ಮ ರೇಜರನ್ನೇ ತೆಗೆದು ಸೀಟಿನ ಮೇಲಿಟ್ಟರು. ಬ್ಲೇಡು ಹೇಗೂ ವಿಮಾನದೊಳಗೆ ಬಿಡುವುದಿಲ್ಲ, ಇದು ಅಡಿಯಲ್ಲಿ ತಿರುಗಿಸಿದರೆ ತಾನೇ ಬಾಯಿ ಬಿಡುತ್ತದೆ, ಆ ಹಿರಿಯರಿಗೆ ಆಗುತ್ತದೇನೋ ನೋಡಿ ಅಂದರಂತೆ. ಹಿಂದೆ ಹಾರ್ನ್ ಹೊಡೆಯುತ್ತಿದ್ದರು. ಪಿಳ್ಳಣ್ಣ ಹೆಸರು ಕೇಳುವುದರೊಳಗೆ ಆತ ಬಾಗಿಲೊಳಗೆ ಹೋಗಿಯಾಗಿತ್ತು.

ದಾನ ಬಂದದ್ದು ಅಂತ ಮುನಿತಾಯಮ್ಮ ಅದನ್ನು ಪರೀಕ್ಷೆಯಿಂದ ಬಿಡಲಿಲ್ಲ. ಅದರ ಐಬುಗಳನ್ನು ಅವರ ಬಾಯಲ್ಲೇ ಕೇಳಬೇಕು. ತಲೆ ದಪ್ಪ, ಮೂಗಿನ ಕೆಳಗೆ ಕೂದಲು ಉಳಿಸುತ್ತದೆ. ಒಂದು ಸಲಕ್ಕೆ ನುಣ್ಣಗಾಗುವುದಿಲ್ಲ, ಎರಡು ಸಲ ಎಳೆಯಬೇಕು. ನಮ್ಮ ಬೋರ್‌ವೆಲ್ ನೀರಿಗೆ ಅದರ ಕೀಲಿನಲ್ಲಿ ಬಿಳಿ ಪದರ ಕಟ್ಟುತ್ತದೆ, ವಾರಕ್ಕೊಮ್ಮೆ ನಿಂಬೆಹಣ್ಣು ಉಜ್ಜಬೇಕು. ನೊರೆಗಂತೂ ಆ ಗಡಸು ನೀರು ಆಗದು, ಫಿಲ್ಟರ್ ನೀರೇ ಬೇಕು. ಆದರೆ ಹಿಡಿ ಉದ್ದ, ಗೀರುಗೀರಾಗಿದೆ, ಜಾರುವುದಿಲ್ಲ. ಭಾರವೂ ಅಲ್ಲ, ಹಗುರವೂ ಅಲ್ಲ. ಮೊಣಕಾಲಲ್ಲಿ ಅದುಮಿಕೊಂಡರೆ ಒಂದೇ ಕೈಯಲ್ಲಿ ಬ್ಲೇಡೂ ಬದಲಿಸಬಹುದು. ಎಡಗೈಗೆ ಅದು ಪಳಗಿದ ಹಾಗೆಲ್ಲ ಪಿಳ್ಳಣ್ಣನ ಗದ್ದದ ಪ್ಲಾಸ್ಟರುಗಳು ಒಂದೊಂದಾಗಿ ಕಡಿಮೆಯಾದವು.

ಬಾಗಿಲಲ್ಲೇ ತಡೆದಿದ್ದ ಆದಿಲಕ್ಷ್ಮಮ್ಮನವರನ್ನು ಒಪ್ಪಿಸಿದ್ದು ಇನ್ನೊಂದು ಸಾಹಸ. ಬ್ಲೇಡಿಲ್ಲದ ರೇಜರ್ ಕೊಡುತ್ತೇನೆ, ಅದರಿಂದ ಕೂದಲೂ ಹೋಗದು, ರಕ್ತವೂ ಬಾರದು ಅಂತ ಮುನಿತಾಯಮ್ಮ ಕೇಳಿಕೊಂಡರು. ಒಂದು ತಿಂಗಳು ಆದಿನಾರಾಯಣಪ್ಪ ಬರೀ ನೊರೆ ಬಳಿದುಕೊಂಡು ಬರೀ ರೇಜರ್ ಎಳೆದರು. ಚರ್ಮ ಎಳೆದು ಹಿಡಿಯಲು ಇನ್ನೊಂದು ಕೈ ಇಲ್ಲವಲ್ಲ, ಕತ್ತು ಓರೆ ಮಾಡಿದರೆ ತಾನೇ ಬಿಗಿಯಾಗುತ್ತದೆ ಎಂಬುದನ್ನು ಕಂಡುಕೊಂಡರು. ಮನಸ್ಸಿಗೂ ಏನೋ ಆಗಿರಬೇಕು, ಆ ಉದ್ದದ ಗಡ್ಡವನ್ನು ಒಂದು ದಿನ ಕತ್ತರಿಯಲ್ಲಿ ಚಿಕ್ಕದು ಮಾಡಿಸಿಕೊಳ್ಳಲು ತಾವಾಗಿಯೇ ಮುಖ ಒಡ್ಡಿದರು.

ಇವತ್ತು ನಾನೂ ಪಿಳ್ಳಣ್ಣನ ಕ್ಯಾಬಿನಲ್ಲಿ ಆವತಿಗೆ ಹೊರಟಿದ್ದೇನೆ. ಎರಡೂ ಕೈ ನೆಟ್ಟಗಿದ್ದೂ ವಾರಕ್ಕೊಮ್ಮೆ ಗದ್ದ ಕುಯ್ದುಕೊಳ್ಳುವ ಆಸಾಮಿ ನಾನು. ದಾರಿಯುದ್ದಕ್ಕೂ ಮುನಿತಾಯಮ್ಮ ರೇಜರಿನ ತಿರುಪು ತಿರುಗಿಸಿ ತಿರುಗಿಸಿ ನೋಡುತ್ತಿದ್ದಾರೆ.

ಪಡಸಾಲೆಯ ಕುರ್ಚಿಯಲ್ಲಿ ಆದಿನಾರಾಯಣಪ್ಪ ಕೂತಿದ್ದಾರೆ. ಕನ್ನಡಿ ಗೋಡೆಗೆ ಮುಖ ಮಾಡಿ ನೇತಾಡುತ್ತಿದೆ. ಸೊಟ್ಟಗಾದ ಬಾಯಿ ನೋಡಿಕೊಳ್ಳಲಾರದೆ ಅವರೇ ಹಾಗೆ ತಿರುಗಿಸಿ ಹಾಕಿಸಿದ್ದಂತೆ. ಆದಿಲಕ್ಷ್ಮಮ್ಮ ಕಂಬಕ್ಕೊರಗಿ ಮುಷ್ಟಿ ಬಿಗಿದು ನಿಂತಿದ್ದಾರೆ. ಮುಷ್ಟಿಯೊಳಗೆ ಪಟಿಕದ ಚೂರು.

ಮುನಿತಾಯಮ್ಮ ಬ್ಲೇಡು ಹಾಕಲು ಮುಂದಾಗುತ್ತಾರೆ. ತಾತ ಎಡಗೈ ಅಡ್ಡ ಹಿಡಿಯುತ್ತಾರೆ. ರೇಜರ್ ತೆಗೆದುಕೊಂಡು, ತೊಡೆಯ ಮೇಲೆ ಮಡಿಚಿ ಬಿದ್ದಿರುವ ಬಲಗೈ ಬೆರಳುಗಳ ನಡುವೆ ಅದರ ಹಿಡಿಯನ್ನು ಮೆಲ್ಲಗೆ ಸಿಕ್ಕಿಸುತ್ತಾರೆ. ಬಿಚ್ಚಲಾಗದ ಆ ಮುಷ್ಟಿ ರೇಜರನ್ನು ಅಲುಗಾಡದಂತೆ ಹಿಡಿದುಕೊಳ್ಳುತ್ತದೆ. ಎಡಗೈಯಲ್ಲಿ ಅಡಿಯ ತಿರುಪು ತಿರುಗಿಸುತ್ತಾರೆ, ರೇಜರ್ ಬಾಯಿ ಬಿಡುತ್ತದೆ, ಬ್ಲೇಡು ಒಳಗೆ ಕೂರುತ್ತದೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಕೆಲಸಕ್ಕೆ ಬಾರದು ಅಂತ ಎಲ್ಲರೂ ಕೈಬಿಟ್ಟಿದ್ದ ಕೈ ಅದು. ಮುನಿತಾಯಮ್ಮ ಸೆರಗಿನ ತುದಿ ಬಾಯಿಗೆ ಒತ್ತಿಕೊಳ್ಳುತ್ತಾರೆ.

ಕೆನ್ನೆಯ ಮೇಲಿಂದ ಮೊದಲ ಎಳೆತ. ನೊರೆಯ ಜೊತೆ ಬಿಳಿ ಕೂದಲು ಬರುತ್ತದೆ. ನೀರಲ್ಲಿ ಅದ್ದುತ್ತಾರೆ, ಕತ್ತು ಓರೆ ಮಾಡುತ್ತಾರೆ, ಮತ್ತೆ ಎಳೆಯುತ್ತಾರೆ. ಅಷ್ಟರಲ್ಲಿ ಮಾಡಿನ ಮೇಲೆ ವಿಮಾನದ ಸದ್ದು. ಮುನಿತಾಯಮ್ಮನವರ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ತಾತ ಆಗಲೇ ರೇಜರ್ ಎತ್ತಿ ಹಿಡಿದು ಕೂತಿದ್ದಾರೆ, ಸಿಗ್ನಲ್ಲಿನಲ್ಲಿ ಬಸ್ಸು ನಿಲ್ಲಿಸಿದ ಡ್ರೈವರಿನ ಹಾಗೆ. ಸದ್ದು ದಾಟುತ್ತದೆ. ಕಿವಿಯ ಕೆಳಗೆ, ಹಳೆಯ ಗೀರಿನ ಜಾಗದಲ್ಲಿ, ರೇಜರ್ ನಿಧಾನಕ್ಕೆ ಇಳಿಯುತ್ತದೆ.

ಮುಗಿದಾಗ ಮೂಗಿನ ಕೆಳಗೆ ಸಣ್ಣದೊಂದು ಬಿಳಿ ಪಟ್ಟಿ ಉಳಿದಿದೆ. ಮುನಿತಾಯಮ್ಮ ಅದನ್ನು ನೋಡಿಯೂ ಸುಮ್ಮನಿರುತ್ತಾರೆ. ಆದಿಲಕ್ಷ್ಮಮ್ಮ ಹತ್ತಿರ ಬಂದು ಬಗ್ಗಿ, ಗಂಡನ ಎರಡೂ ಕೆನ್ನೆ, ಗದ್ದ, ಕತ್ತು ಒಂದೊಂದಾಗಿ ನೋಡುತ್ತಾರೆ. ಪಟಿಕ ಅವರ ಅಂಗೈ ಬೆವರಿಗೆ ಮಾತ್ರ ಒದ್ದೆಯಾಗಿದೆ. ಅದನ್ನು ಕಿಟಕಿಯಲ್ಲಿಟ್ಟು, ಮುನಿತಾಯಮ್ಮನವರ ಎರಡೂ ಕೈ ಹಿಡಿದುಕೊಂಡು ಅಳುತ್ತಾರೆ. ಅವತ್ತು ಬಾಗಿಲಲ್ಲಿ ಆಡಿದ ಮಾತು ಮನಸ್ಸಲ್ಲಿ ಇಟ್ಟುಕೋಬೇಡಮ್ಮ, ನಿನ್ನ ಋಣ ತೀರಿಸಲಾರೆ ಅನ್ನುತ್ತಾರೆ. ತಾತ ಬೆರಳಲ್ಲಿ ಕೆನ್ನೆ ಸವರಿಕೊಂಡು, ಗೋಡೆಯ ಕಡೆ ಕೈ ತೋರಿಸಿ ಕನ್ನಡಿ ತಿರುಗಿಸಲು ಹೇಳುತ್ತಾರೆ. ಬಹಳ ಹೊತ್ತು ನೋಡಿಕೊಳ್ಳುತ್ತಾರೆ. ಆಮೇಲೆ ಮುನಿತಾಯಮ್ಮನವರ ಕಡೆ ತಿರುಗಿ, ಪ್ರತಿ ಅಕ್ಷರಕ್ಕೂ ಉಸಿರು ಹಾಕಿ ಹೇಳುತ್ತಾರೆ.

"ನಾಳೆ... ಬರ್‌ಬೇಡಮ್ಮ."

ಹೀಗೆ ಬೇಡ ಅನ್ನಿಸಿಕೊಂಡು ಇಷ್ಟು ನಕ್ಕವರನ್ನು ನಾನು ನೋಡಿಲ್ಲ. ಕಾಫಿ ಕುಡಿದು ಹೊರಟಾಗ ಕಾರಿನಲ್ಲಿ ಕೇಳಿದೆ, ಒಂದು ಮನೆ ಕೈತಪ್ಪಿತಲ್ಲ ಅಂತ. ಹೋದರೆ ಹೋಗಲಿ ಬಿಡಿ ಅಂದರು. ಪೇಪರಿನಲ್ಲಿ ನಿಮ್ಮ ಬಗ್ಗೆ ಏನು ಬರೆಯಲಿ ಅಂತ ಕೇಳಿದ್ದಕ್ಕೆ ಕಿಟಕಿಯಾಚೆ ಕೈ ತೋರಿಸಿದರು. ಏರ್‌ಪೋರ್ಟ್ ಕಡೆ ಒಂದು ವಿಮಾನ ಏರುತ್ತಿತ್ತು.

"ಆ ರೇಜರ್ ಕೊಟ್ಟೋದ ಪುಣ್ಯಾತ್ಮನ ಹೆಸ್ರು ಕೇಳ್ಲಿಲ್ಲ ಸಾರ್ ಈ ಮನುಷ್ಯ. ಕನ್ನಡ ಮಾತಾಡಿದ್ರಂತೆ. ಪೇಪರ್ ಓದ್ತಾರೇನೋ. ತಾತ ಇವತ್ತು ಅವ್ರೇ ಶೇವ್ ಮಾಡ್ಕೊಂಡ್ರು, ಒಂದ್ ತೊಟ್ಟೂ ರಕ್ತ ಬರ್ಲಿಲ್ಲ ಅಂತ ಬರೀರಿ. ಅವ್ರಿಗೆ ಗೊತ್ತಾಗ್ಬೇಕು."